ನೀರು ಹರಿದ ಊರು, ನೀರು ಹತ್ತದ ಊರು

ಕೇಳುಗರಿಗೆ ನಮಸ್ಕಾರ.

ಹುಡುಗರು ಹೊಲ ಬಿಟ್ಟು ಪೇಟೆ ಸೇರಿದರೆ, ಅರಳಿಕಟ್ಟೆಯಲ್ಲಿ ಕೂತವರು ಕಾರಣ ಥಟ್ಟನೆ ಹೇಳಿಬಿಡುತ್ತಾರೆ: ಓದು ಜಾಸ್ತಿ ಆಯ್ತು! ಇರಬಹುದು. ಮಳೆ ಕೈಕೊಟ್ಟಿದ್ದೂ ಇರಬಹುದು ಅಲ್ವಾ? ಸಮಾಜಶಾಸ್ತ್ರಜ್ಞರಿಗೆ ಇಲ್ಲೇ ಪೇಚು. ಒಂದೇ ಊರಿಗೆ ಒಮ್ಮೆ ನಾಲೆ ನೀರು ಬಿಟ್ಟು, ಇನ್ನೊಮ್ಮೆ ಬಿಡದೆ ಪರೀಕ್ಷೆ ಮಾಡಲು ಆಗುವುದಿಲ್ಲ. ಅಂಥ ಪರೀಕ್ಷೆ ತಾನಾಗಿಯೇ ನಡೆದಿರುವ ಜಾಗವನ್ನು ಹುಡುಕಬೇಕು.

ಸ್ಕಾರ್ಲೆಟ್ ಎಪ್‌ಸ್ಟೈನ್ ಅವರಿಗೆ ಅದು ಸಿಕ್ಕಿದ್ದು ನಮ್ಮ ಮಂಡ್ಯದ ಬಳಿ. ವಿಯೆನ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಮಾನವಶಾಸ್ತ್ರಜ್ಞೆ ಅವರು. ಹಳ್ಳಿಯ ಅಧ್ಯಯನಕ್ಕೆ ಇಳಿದರೆ ಸಮಾಜಶಾಸ್ತ್ರಕ್ಕೂ ಮಾನವಶಾಸ್ತ್ರಕ್ಕೂ ನಡುವೆ ಬೇಲಿ ಏನಿಲ್ಲ ಬಿಡಿ. 1950ರ ದಶಕದ ನಡುವೆ ಎರಡು ಹಳ್ಳಿಗಳಲ್ಲಿ ಉಳಿದರು. ನಿಜವಾದ ಹೆಸರು ಮರೆಸಿ ಒಂದನ್ನು ವಾಂಗಲ, ಇನ್ನೊಂದನ್ನು ದಾಲೇನ ಎಂದು ಕರೆದರು. ಎರಡರಲ್ಲೂ ಒಕ್ಕಲಿಗರೇ ಹೆಚ್ಚು, ಎರಡೂ ಮಂಡ್ಯದ ಆಸುಪಾಸಿನವೇ. ಕನ್ನಂಬಾಡಿಯ ನಾಲೆ ನೀರು ವಾಂಗಲದ ಹೊಲಗಳಿಗೆ ಹರಿಯಿತು. ದಾಲೇನ ತುಸು ಎತ್ತರದಲ್ಲಿತ್ತು, ಅಲ್ಲಿಗೆ ಹತ್ತಲಿಲ್ಲ.

ಅವರು ಸುಮ್ನೆ ಊರು ಸುತ್ತಿ ಬರೆದವರಲ್ಲ. ಮನೆಮನೆಯ ಆದಾಯ, ಖರ್ಚು, ಸಾಲ, ಯಾರ ಹೊಲದಲ್ಲಿ ಯಾರು ಕೂಲಿ, ಎಲ್ಲ ಲೆಕ್ಕ ಹಾಕಿದರು.

ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಅಂತ ನಮಗೆ ಅನ್ನಿಸುತ್ತದೆ. ಆದದ್ದು ತಿರುಗುಮುರುಗು. ವಾಂಗಲದವರು ಕಬ್ಬು ಹಾಕಿದರು, ಕೈಯಲ್ಲಿ ದುಡ್ಡು ಆಡಿತು, ಆದರೆ ಬೇಸಾಯಗಾರರಾಗಿಯೇ ಉಳಿದರು. ಆಳಿಗೂ ಒಡೆಯನಿಗೂ ತಲೆಮಾರುಗಳಿಂದ ಬಂದ ನಂಟು ಮುಂದುವರಿಯಿತು. ದಾಲೇನದವರಿಗೆ ಹೊರಗೆ ಕಾಲಿಡದೆ ಬೇರೆ ದಾರಿ ಇರಲಿಲ್ಲ. ಗಾಡಿ ಕಟ್ಟಿ ಕಬ್ಬು ಸಾಗಿಸಿದರು, ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಇಳಿದರು, ಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಹಳೆಯ ನಂಟುಗಳು ಸಡಿಲವಾದದ್ದು ಅಲ್ಲಿ.

ಜಾತಿಯೇ ಕಾರಣ ಅನ್ನೋಣವೆಂದರೆ ಎರಡೂ ಕಡೆ ಅದೇ ಜಾತಿ. ಸಕ್ಕರೆ ಕಾರ್ಖಾನೆ ಅನ್ನೋಣವೆಂದರೆ ಅದು ಎರಡಕ್ಕೂ ಹತ್ತಿರ. ಎದ್ದು ಕಾಣುವ ವ್ಯತ್ಯಾಸ ನೀರು ಮಾತ್ರ. ಆ ವ್ಯತ್ಯಾಸ ಯಾವ ದಾರಿ ಹಿಡಿದು ಮನೆಮನೆಯ ಬದುಕನ್ನು ಮುಟ್ಟಿತು ಎಂಬುದೂ ಎಪ್‌ಸ್ಟೈನ್ ಅವರ ಲೆಕ್ಕಗಳಲ್ಲಿ ಕಾಣುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಅದೇ.

ಎರಡೇ ಊರು ಸಾಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಾಲೇನದಲ್ಲಿ ಚುರುಕಾದ ನಾಲ್ಕು ಜನ ಇದ್ದದ್ದೇ ಕಾರಣವಾಗಿದ್ದರೆ? ಅದನ್ನು ತಳ್ಳಿಹಾಕಬೇಕಾದರೆ ನಾಲೆ ತಪ್ಪಿದ ಇನ್ನಷ್ಟು ಊರುಗಳಿಗೆ ಹೋಗಬೇಕು. ಎಪ್‌ಸ್ಟೈನ್ 1970ರಲ್ಲಿ ಇವೇ ಎರಡು ಹಳ್ಳಿಗಳಿಗೆ ಮತ್ತೆ ಬಂದು ಹೊಸದಾಗಿ ಲೆಕ್ಕ ತೆಗೆದರು. ಆ ಕಥೆ ಮುಂದಿನ ವಾರ. ನಮಸ್ಕಾರ.