ಮಾಡಿದವರೂ ಬಿಸಿಬಿಸಿ ತಿನ್ನುವ ತಿಂಡಿ ಯಾವುದು?

ನಮಸ್ಕಾರ. ಇವತ್ತು ಸಂಜೆಯ ತರಕಾರಿ ತಿಂಡಿ ಬಗ್ಗೆ ಮಾತಾಡೋಣ. ಒಂದು ರೆಸಿಪಿಯೂ ಇದೆ, ಒಂದು ತಕರಾರೂ ಇದೆ. ಮೊದಲು ತಕರಾರು.

"ಮನೆಮಂದಿಯೆಲ್ಲ ಇಷ್ಟಪಟ್ಟು ತಿನ್ನುತ್ತಾರೆ" ಅಂತ ಪ್ರತಿ ಅಡುಗೆ ವಿಡಿಯೋದಲ್ಲೂ ಹೇಳುತ್ತಾರೆ. ಸರಿ. ಆ ಮನೆಮಂದಿಯಲ್ಲಿ ತಿಂಡಿ ಮಾಡಿದವರು ಇದ್ದಾರಾ?

ಅಕ್ಕಿರೊಟ್ಟಿಯನ್ನೇ ತಗೊಳ್ಳಿ. ಕ್ಯಾರೆಟ್ ತುರಿ, ಸೌತೆಕಾಯಿ ತುರಿ, ಈರುಳ್ಳಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು. ಇದಕ್ಕಿಂತ ಒಳ್ಳೆಯ ತರಕಾರಿ ತಿಂಡಿ ಹುಡುಕುವುದು ಕಷ್ಟ. ಆದರೆ ಅದು ಕಾವಲಿಯಿಂದ ಇಳಿಯುವುದು ಒಂದೊಂದೇ. ಬಿಸಿ ಇದ್ದರೇ ರುಚಿ ಬೇರೆ. ಹಾಗಾಗಿ ಮೊದಲು ಮಕ್ಕಳಿಗೆ, ಆಮೇಲೆ ಅಜ್ಜ ಅಜ್ಜಿಗೆ, ಆಮೇಲೆ ಆಫೀಸಿನಿಂದ ಬಂದವರಿಗೆ. ಅಮ್ಮ ಮಾತ್ರ ತಟ್ಟುತ್ತಲೇ ಇರುತ್ತಾಳೆ. "ಇನ್ನೊಂದು ಹಾಕ್ಲಾ?" ಅಂತ ಒಳಗಿಂದಲೇ ಕೂಗುತ್ತಾಳೆ. ಕೊನೆಗೆ ಅವಳ ತಟ್ಟೆಗೆ ಬರುವುದು ಅಂಚು ಹರಿದ, ತಣ್ಣಗಾಗಿ ಗಟ್ಟಿಯಾದ ರೊಟ್ಟಿ. ದೋಸೆಗೂ ಇದೇ ಕಥೆ, ಬಜ್ಜಿಗೂ ಇದೇ ಕಥೆ.

ಅದಕ್ಕೇ ನನ್ನ ಮತ ಹಬೆಯ ತಿಂಡಿಗೆ. ಎಣ್ಣೆ ಕಮ್ಮಿ ಅಂತ ಎಲ್ಲರೂ ಹೇಳುತ್ತಾರೆ, ನಿಜವೇ. ನನಗೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಮುಚ್ಚಳ ತೆಗೆದರೆ ಎಲ್ಲರದ್ದೂ ಒಟ್ಟಿಗೇ ರೆಡಿ. ಒಲೆ ಆರಿಸಿ ಮಾಡಿದವರೂ ಬಂದು ಕೂರಬಹುದು.

ನಮ್ಮಲ್ಲಿ ಇಂಥ ತಿಂಡಿಗೇನೂ ಬರ ಇಲ್ಲ. ಕರಾವಳಿಯಲ್ಲಿ ಮಳೆಗಾಲಕ್ಕೆ ಪತ್ರೊಡೆ ಇದೆ. ಕೆಸುವಿನ ಎಲೆ ತುರಿಸುತ್ತದೆ, ಅದಕ್ಕೆ ಹುಣಸೆಹುಳಿ ಧಾರಾಳವಾಗಿ ಬೇಕು, ಕೈ ಕೆಲಸವೂ ಜಾಸ್ತಿ. ವಾರದ ದಿನಕ್ಕೆ ಆಗುವ ಮಾತಲ್ಲ. ಹಳೆ ಮೈಸೂರು ಕಡೆಯ ನುಚ್ಚಿನುಂಡೆ ಹಾಗಲ್ಲ.

ಒಂದು ಲೋಟ ತೊಗರಿಬೇಳೆ, ಒಂದು ಹಿಡಿ ಕಡಲೆಬೇಳೆ ಎರಡು ಗಂಟೆ ನೆನೆಸಿ. ನೀರನ್ನು ಪೂರ್ತಿ ಬಸಿಯಿರಿ. ಇಲ್ಲಿ ಅವಸರ ಮಾಡಬೇಡಿ, ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟುಬಿಡಿ. ಹಸಿಮೆಣಸಿನಕಾಯಿ, ಶುಂಠಿ ಜೊತೆ ತರಿತರಿಯಾಗಿ ರುಬ್ಬಿ. ಮಿಕ್ಸಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ತಿರುಗಿಸಿ, ನೀರು ಹಾಕಬೇಡಿ. ಅಲ್ಲಲ್ಲಿ ಇಡೀ ಬೇಳೆ ಕಾಣಿಸಿದರೆ ಒಳ್ಳೆಯದೇ. ನುಣ್ಣಗಾದರೆ ಬೆಂದ ಮೇಲೆ ಉಂಡೆ ಕಲ್ಲಾಗುತ್ತದೆ. ಈಗ ಸಬ್ಬಸಿಗೆ ಸೊಪ್ಪು, ಕ್ಯಾರೆಟ್ ತುರಿ, ತೆಂಗಿನ ತುರಿ, ಜೀರಿಗೆ, ಇಂಗು. ಸೊಪ್ಪಿಗೆ ಕಂಜೂಸಿ ಮಾಡಬೇಡಿ, ಹಿಟ್ಟು ಹಸಿರಾಗಿ ಕಾಣಬೇಕು. ಉಪ್ಪು ಕೊನೆಗೆ. ಮೊದಲೇ ಹಾಕಿದರೆ ತರಕಾರಿ ನೀರು ಬಿಡುತ್ತದೆ, ಉಂಡೆ ನಿಲ್ಲುವುದಿಲ್ಲ. ಅಕ್ಕಿರೊಟ್ಟಿಗೂ ಇದೇ ಲೆಕ್ಕ. ಸೌತೆಕಾಯಿಗೆ ಮೊದಲೇ ಉಪ್ಪು ಬಿದ್ದರೆ, ಬಿಟ್ಟ ನೀರಿಗೆ ಹಿಟ್ಟು ಹಾಕುತ್ತಾ ಹಾಕುತ್ತಾ ತರಕಾರಿ ಹೆಸರಿಗಷ್ಟೇ ಉಳಿಯುತ್ತದೆ.

ಉದ್ದುದ್ದ ಉಂಡೆ ಕಟ್ಟಿ, ಇಡ್ಲಿ ತಟ್ಟೆಗೆ ಎಣ್ಣೆ ಸವರಿ, ಹದಿನೈದು ನಿಮಿಷ ಹಬೆಯಲ್ಲಿಡಿ. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ ಅಂತ. ಮೇಲೆ ತುಪ್ಪ, ಪಕ್ಕಕ್ಕೆ ಮಜ್ಜಿಗೆಹುಳಿ. ಹಲ್ಲು ಸರಿ ಇಲ್ಲದ ಅಜ್ಜಿಗೆ ಬೆರಳಲ್ಲೇ ಹಿಸುಕಿ ತುಪ್ಪ ಬಿಟ್ಟುಕೊಡಬಹುದು. ಉಳಿದರೆ ಮಾರನೆಯ ದಿನ ಪುಡಿ ಮಾಡಿ, ಸಾಸಿವೆ ಕರಿಬೇವಿನ ಒಗ್ಗರಣೆಗೆ ಬೀನ್ಸ್ ಜೊತೆ ಹಾಕಿ. ಡಬ್ಬಿಗೆ ಪಲ್ಯ ಆಯಿತು.

ಸಬ್ಬಸಿಗೆ ಬಿಡಿಸುವುದು ತಲೆನೋವು, ಗೊತ್ತು. ಅದನ್ನು ಟಿವಿ ಮುಂದೆ ಕೂತವರ ಕೈಗೆ ಕೊಡಿ. ಉಂಡೆ ಕಟ್ಟುವುದು ಮಕ್ಕಳಿಗೆ. ಸೊಟ್ಟಪಟ್ಟ ಆಗುತ್ತದೆ, ಆಗಲಿ ಬಿಡಿ. ತಾನೇ ಕಟ್ಟಿದ್ದು ಯಾವುದು ಅಂತ ಮಗು ಹುಡುಕಿ ಹುಡುಕಿ ತಿನ್ನುತ್ತದೆ. ಮಗುವಿಗೆ ಗೊತ್ತಾಗದ ಹಾಗೆ ತರಕಾರಿ ಅರೆದು ಸೇರಿಸುವ ಉಪಾಯ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಎಷ್ಟು ವರ್ಷ ಅಂತ ಬಚ್ಚಿಡುತ್ತೀರಿ?

ಮತ್ತೆ ಪ್ಯಾಕೆಟ್ಟಿನ ವೆಜ್ಜಿ ಚಿಪ್ಸ್, ವೆಜ್ಜಿ ಸ್ಟಿಕ್ಸ್. ಪ್ಯಾಕೆಟ್ ತಿರುಗಿಸಿ ಓದಿ. ಯಾವ ಪದಾರ್ಥ ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು, ನಿಯಮ ಹಾಗಿದೆ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೊದಲು ಹಿಟ್ಟು, ಎಣ್ಣೆ, ಪಿಷ್ಟ. ಪಾಲಕ್ ಪುಡಿ ಬಾಲದಲ್ಲಿ ಎಲ್ಲೋ. ಮುಂದುಗಡೆ ಚಿತ್ರದಲ್ಲಿ ಮಾತ್ರ ಇಡೀ ತೋಟ!

ದೊಡ್ಡವರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿನಲ್ಲಿ ತೇಲುವ ನಾಲ್ಕು ಹೋಳಿನಿಂದ ಅಷ್ಟು ಆಗುವುದಿಲ್ಲ, ಅಲ್ವಾ? ಸಂಜೆಯ ತಿಂಡಿಯೂ ಕೈ ಜೋಡಿಸಬೇಕು.

ಬಜ್ಜಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಮಳೆ ಬಂದರೆ ನನಗೂ ಹೀರೇಕಾಯಿ ಬಜ್ಜಿಯೇ ಬೇಕು. ನನ್ನದು ಒಂದೇ ಶರತ್ತು. ಅವತ್ತು ಬಾಣಲೆ ಮುಂದೆ ನಿಲ್ಲುವುದು ದಿನಾ ನಿಲ್ಲುವವರಲ್ಲ. ಬಜ್ಜಿ ಬೇಕು ಅಂತ ಮೊದಲು ಬಾಯಿ ಬಿಟ್ಟವರು. ನಮ್ಮನೆಯಲ್ಲಿ ಈ ನಿಯಮ ಬಂದ ಮೇಲೆ ಬಜ್ಜಿ ಕೇಳುವವರು ಸ್ವಲ್ಪ ಕಮ್ಮಿಯಾಗಿದ್ದಾರೆ.