ಮಂಜುಗಡ್ಡೆಯ ಮೇಲಿದ್ದ ಬಂಗುಡೆ

ನಮಸ್ಕಾರ. ಇವತ್ತು ಮೀನಿನ ಮಾತು. ಮೀನು ತಿನ್ನದವರೂ ಸ್ವಲ್ಪ ಹೊತ್ತು ನನ್ನ ಜೊತೆ ಇರಿ. ಕೊನೆಗೆ ಇದು ನಿಮ್ಮ ಟೊಮೇಟೊವರೆಗೂ ಬರುತ್ತದೆ.

ನಾನು ಉಡುಪಿಯ ಕಡೆಯವಳು. ಮಲ್ಪೆಯಿಂದ ಮೀನು ತರುತ್ತಿದ್ದ ಹೆಂಗಸು ಅಂಗಳದಲ್ಲಿ ಬುಟ್ಟಿ ಇಳಿಸಿದರೆ ಅಮ್ಮ ಮೊದಲು ಮಾಡುತ್ತಿದ್ದದ್ದು ಬಂಗುಡೆಯ ಕಿವಿರು ಎತ್ತಿ ನೋಡುವುದು. ಒಳಗೆ ಕೆಂಪಗಿರಬೇಕು. ಕಣ್ಣು ಉಬ್ಬಿಕೊಂಡು ಹೊಳೆಯುತ್ತಿರಬೇಕು. ಹೊಟ್ಟೆಯನ್ನು ಒತ್ತಿದರೆ ಬೆರಳಿನ ಗುರುತು ಉಳಿಯಬಾರದು. ಆಮೇಲೆಯೇ ಬೆಲೆಯ ಮಾತು. ಶಾಲೆಯಲ್ಲಿ ಕಲಿತ ಎಷ್ಟೋ ಪಾಠ ಮರೆತಿದ್ದೇನೆ, ಇದೊಂದನ್ನು ಮರೆತಿಲ್ಲ.

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನನಗೆ ಊರು ಸಿಕ್ಕಿದಂತಾದದ್ದು ಒಂದು ಸೂಪರ್‌ಮಾರ್ಕೆಟ್‌ನ ಮೀನಿನ ಕೌಂಟರ್‌ನಲ್ಲಿ. ಪುಡಿ ಮಾಡಿದ ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿಸಿದ್ದ ಮ್ಯಾಕರೆಲ್, ಅಂದರೆ ನಮ್ಮ ಬಂಗುಡೆಯ ದೂರದ ನೆಂಟ. ಕೌಂಟರ್‌ನ ಹಿಂದಿದ್ದ ವ್ಯಕ್ತಿಗೆ ಕಿವಿರು ತೋರಿಸಿ ಎಂದೆ. ಅವನು ಆಶ್ಚರ್ಯಪಡಲಿಲ್ಲ. ಎತ್ತಿ ತೋರಿಸಿದ. ತಲೆ ಬೇಕೇ, ಬೇಡವೇ ಎಂದು ಕೇಳಿದ. ನನಗೆ ಬೇಕಿದ್ದದ್ದು ಅಷ್ಟೇ. ಆ ಸಾಲಿನಲ್ಲಿ ನನ್ನ ಮುಂದೆ ಆಗಾಗ ಒಬ್ಬ ಅಜ್ಜ ನಿಂತಿರುತ್ತಿದ್ದರು. ಪ್ರತಿ ವಾರ ಒಂದೇ ತುಂಡು ಹ್ಯಾಡಕ್, ಚರ್ಮ ತೆಗೆದದ್ದು. ಅವರು ಬಾಯಿ ತೆರೆಯುವ ಮೊದಲೇ ಚಾಕು ಕೆಲಸ ಶುರು ಮಾಡಿರುತ್ತಿತ್ತು.

ಆ ಕೌಂಟರ್ ಈಗ ಇಲ್ಲ. ಅದಿದ್ದ ಜಾಗದಲ್ಲಿ ಬಾಗಿಲಿನ ಫ್ರಿಜ್‌ಗಳು, ಅವುಗಳೊಳಗೆ ಪ್ಲಾಸ್ಟಿಕ್ ತಟ್ಟೆಗಳು. ಹೆಚ್ಚಿನವುಗಳಲ್ಲಿ ಎರಡೆರಡು ತುಂಡು.

ಇದು ಒಂದು ಅಂಗಡಿಯ ಕಥೆಯಲ್ಲ. 2019ರ ಜನವರಿಯಲ್ಲಿ ಇಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೊ 90 ಮಳಿಗೆಗಳ ಮಾಂಸ, ಮೀನು ಮತ್ತು ಡೆಲಿ (ಚೀಸ್, ಬೇಯಿಸಿದ ಮಾಂಸದಂಥ ಸಿದ್ಧ ತಿನಿಸುಗಳ) ಕೌಂಟರ್‌ಗಳನ್ನು ಮುಚ್ಚುವುದಾಗಿ ಹೇಳಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಅಂಥದ್ದೇ ಇನ್ನೊಂದು ಕಂಪನಿ ಸೇನ್ಸ್‌ಬರೀಸ್ ತನ್ನ ಕೌಂಟರ್‌ಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಅದೇ ನವೆಂಬರ್‌ನಲ್ಲಿ, ಇನ್ನು ತೆರೆಯುವುದಿಲ್ಲ ಎಂದಿತು. 2023ರ ಫೆಬ್ರವರಿಯಲ್ಲಿ ಟೆಸ್ಕೊದಲ್ಲಿ ಉಳಿದಿದ್ದ ಕೌಂಟರ್‌ಗಳಿಗೂ ಬಾಗಿಲು ಬಿತ್ತು. ಕೌಂಟರ್‌ಗಳೇ ತನ್ನ ಹೆಗ್ಗಳಿಕೆ ಎಂದು ‘ಮಾರ್ಕೆಟ್ ಸ್ಟ್ರೀಟ್’ ಎಂಬ ಹೆಸರಿಟ್ಟು ಸಾಲಾಗಿ ಜೋಡಿಸಿದ್ದ ಮಾರಿಸನ್ಸ್ ಕೂಡ 2025ರಲ್ಲಿ 35 ಮಾಂಸದ ಮತ್ತು 35 ಮೀನಿನ ಕೌಂಟರ್‌ಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. ಮಾರಿಸನ್ಸ್ ಹುಟ್ಟಿದ್ದು 1899ರಲ್ಲಿ, ಬ್ರ್ಯಾಡ್‌ಫರ್ಡ್‌ನ ಮಾರುಕಟ್ಟೆಯಲ್ಲಿ ಮೊಟ್ಟೆ, ಬೆಣ್ಣೆ ಮಾರುವ ಒಂದು ಕಟ್ಟೆಯಾಗಿ. ಟೆಸ್ಕೊ ಕೂಡ 1919ರಲ್ಲಿ ಲಂಡನ್ನಿನ ಪೂರ್ವಭಾಗದ ಸಂತೆಯ ಗಾಡಿಯಿಂದ ಬೆಳೆದದ್ದು. ಗಿರಾಕಿಯ ಮುಖ ನೋಡಿ ಮಾರಿ ಬದುಕಿದ ಮನೆತನಗಳು ಇವು. ಅದಕ್ಕೇ ನನಗೆ ಹೆಚ್ಚು ನೋವು.

ಕಂಪನಿಗಳು ಕೊಡುವ ಕಾರಣ ಒಂದೇ: ಕೌಂಟರ್‌ಗೆ ಬರುವವರು ಕಡಿಮೆಯಾಗಿದ್ದಾರೆ. ಇದು ಸುಳ್ಳಲ್ಲ. ಖರ್ಚಿನ ಲೆಕ್ಕವೂ ನಿಜವೇ. ಕೌಂಟರ್‌ಗೆ ಕೆಲಸ ಬಲ್ಲ ಮನುಷ್ಯರು ಬೇಕು, ದಿನಾ ಮಂಜುಗಡ್ಡೆ ಹಾಸಬೇಕು, ಸಂಜೆ ತೊಳೆಯಬೇಕು, ಉಳಿದದ್ದನ್ನು ಎಸೆಯಬೇಕು. ದೂರದ ಕಾರ್ಖಾನೆಯಲ್ಲಿ ಗಾಳಿಯ ಅಂಶ ಬದಲಿಸಿ ಮುಚ್ಚಿದ ತಟ್ಟೆ ಹೆಚ್ಚು ದಿನ ಕೆಡದೆ ಇರುತ್ತದೆ, ಅದನ್ನು ಯಾರು ಬೇಕಾದರೂ ಕಪಾಟಿಗೆ ಇಡಬಹುದು. ಇಂಥ ಕೌಂಟರ್‌ಗಳ ಗೋಜಿಗೇ ಹೋಗದ ಆಲ್ಡಿ, ಲಿಡ್ಲ್ ಅಗ್ಗದಲ್ಲಿ ಮಾರುವಾಗ ಉಳಿದವರು ಸುಮ್ಮನೆ ಕೂರುವುದು ಕಷ್ಟ. ಕೌಂಟರ್‌ನಲ್ಲಿದ್ದ ಮೀನೆಲ್ಲ ಅಂದೇ ದೋಣಿಯಿಂದ ಇಳಿದದ್ದೂ ಅಲ್ಲ. ‘ಮೊದಲು ಹೆಪ್ಪುಗಟ್ಟಿಸಿದ್ದು’ ಎಂಬ ಚೀಟಿಯನ್ನು ನಾನೇ ಎಷ್ಟೋ ಸಲ ಓದಿದ್ದೇನೆ. ಇಷ್ಟನ್ನು ಒಪ್ಪುತ್ತೇನೆ.

ಆದರೆ ಗಿರಾಕಿಗಳು ಕಡಿಮೆಯಾದದ್ದು ಹೇಗೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಅಂಗಡಿಯಲ್ಲಿ ಮೊದಲು ಇಬ್ಬರಿದ್ದರು. ಆಮೇಲೆ ಒಬ್ಬನಾದ. ಆಮೇಲೆ ಅವನೇ ಮಾಂಸದ ಕೌಂಟರನ್ನೂ ನೋಡಿಕೊಳ್ಳಬೇಕಾಯಿತು. ಕೊನೆಗೆ ಮಧ್ಯಾಹ್ನದ ಹೊತ್ತಿಗೇ ಮಂಜುಗಡ್ಡೆ ತೆಗೆಯತೊಡಗಿದರು. ಕೆಲಸ ಮುಗಿಸಿ ಆರು ಗಂಟೆಗೆ ಬರುವ ನಾನು ಖಾಲಿ ಸ್ಟೀಲ್ ತಟ್ಟೆಗಳನ್ನು ನೋಡಿ ಪ್ಯಾಕೆಟ್ ಎತ್ತಿಕೊಂಡು ಹೋದೆ. ಆ ಪ್ಯಾಕೆಟ್ ಲೆಕ್ಕದಲ್ಲಿ ಏನೆಂದು ದಾಖಲಾಯಿತು? ಗಿರಾಕಿಗೆ ಪ್ಯಾಕೆಟ್ಟೇ ಇಷ್ಟ ಎಂದು. ನನ್ನ ಅನಿವಾರ್ಯತೆಯನ್ನು ನನ್ನ ಆಯ್ಕೆ ಎಂದು ಬರೆದುಕೊಂಡರೆ ನಾನು ಹೇಗೆ ಒಪ್ಪಲಿ?

ಹೋದದ್ದು ರುಚಿ ಮಾತ್ರವಲ್ಲ. ಅಳತೆ ಹೇಳುವ ಅಧಿಕಾರ ಹೋಯಿತು. ಆ ಅಜ್ಜನಿಗೆ ಬೇಕಿದ್ದದ್ದು ಒಂದು ತುಂಡು, ತಟ್ಟೆಯಲ್ಲಿರುವುದು ಎರಡು. ಒಂಟಿಯಾಗಿ ಬದುಕುವವರು, ಕೈಯಲ್ಲಿರುವ ಹಣಕ್ಕೆ ಎಷ್ಟು ಬರುತ್ತದೋ ಅಷ್ಟು ಕೊಡಿ ಎನ್ನುವವರು, ಇವರಿಗೆಲ್ಲ ತೂಕದ ತಕ್ಕಡಿ ದೊಡ್ಡ ಮರ್ಯಾದೆಯಾಗಿತ್ತು. ಸಾರಿಗೆ ತಲೆ, ಮೂಳೆ ಕೇಳುತ್ತಿದ್ದವರು ಈಗ ಯಾರನ್ನು ಕೇಳಬೇಕು? 2018ರಲ್ಲಿ ಮಾರಿಸನ್ಸ್ ಮನೆಯ ಡಬ್ಬಿ ತನ್ನಿ, ಅದರಲ್ಲೇ ಮೀನು, ಮಾಂಸ ಹಾಕಿಕೊಡುತ್ತೇವೆ ಎಂದಿತ್ತು. ಕೌಂಟರ್ ಇಲ್ಲದ ಮೇಲೆ ಆ ಡಬ್ಬಿಯನ್ನು ಯಾರ ಮುಂದೆ ಚಾಚುವುದು?

ಇನ್ನೊಂದು ಮಾತಿದೆ, ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬ್ರಿಟನ್ನಿನ ಜನ ಹೆಚ್ಚಾಗಿ ತಿನ್ನುವುದು ಕಾಡ್, ಹ್ಯಾಡಕ್, ಸಾಲ್ಮನ್, ಟ್ಯೂನಾ, ಸಿಗಡಿ, ಈ ಐದನ್ನೇ. ಇದೇ ದ್ವೀಪದ ದೋಣಿಗಳು ರಾಶಿ ರಾಶಿ ಮ್ಯಾಕರೆಲ್ ಹಿಡಿಯುತ್ತವೆ, ಅದರಲ್ಲಿ ಬಹಳಷ್ಟು ಹೊರದೇಶಕ್ಕೆ ಹೋಗುತ್ತದೆ. ತಮ್ಮ ಸಮುದ್ರದ್ದೇ ಆದ, ಪರಿಚಯವಿಲ್ಲದ ಮೀನನ್ನು ಯಾರಾದರೂ ಮೊದಲ ಸಲ ಮನೆಗೆ ಒಯ್ಯಬೇಕಾದರೆ ಕೌಂಟರ್‌ನ ಹಿಂದೆ ನಿಂತವರು ಇದನ್ನು ಹೀಗೆ ಮಾಡಿ, ಚೆನ್ನಾಗಿರುತ್ತದೆ ಎನ್ನಬೇಕು. ಆ ಒಂದು ಮಾತನ್ನು ಪ್ಯಾಕೆಟ್ ಹೇಳಲಾರದು. ಮೀನು ಸೀಳುವ ಕೈಚಳಕ ವರ್ಷಗಟ್ಟಲೆ ಕಲಿತು ಬರುವಂಥದ್ದು. ಆ ಮನುಷ್ಯನನ್ನು ಕಪಾಟು ತುಂಬುವ ಕೆಲಸಕ್ಕೆ ಹಾಕಿದರೆ ಅವನ ಸಂಬಳ ಉಳಿದೀತು. ಅವನು ಬಲ್ಲದ್ದನ್ನು ಮುಂದಿನ ಹುಡುಗನಿಗೆ ಯಾರು ಕಲಿಸುತ್ತಾರೆ?

ಟೊಮೇಟೊ ಎಂದೆನಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿ ಈಗ ಮೊಬೈಲ್‌ನಲ್ಲಿ ಅರ್ಧ ಕಿಲೊ ಟೊಮೇಟೊ ತರಿಸುತ್ತಾಳೆ. ನಿಮಿಷಗಳಲ್ಲಿ ಬರುತ್ತದೆ. ಆರಿಸಿದವರು ಯಾರೋ, ಎಲ್ಲಿಂದಲೋ. ಮನೆಯ ಹತ್ತಿರದ ಹಾಪ್‌ಕಾಮ್ಸ್‌ನಲ್ಲಿ ಸಾರಿಗೆ ಹಣ್ಣಾದದ್ದು ನಾಲ್ಕು, ನಾಳಿದ್ದಿಗೆ ದೋರೆಯಾದದ್ದು ನಾಲ್ಕು ಎಂದು ಆರಿಸುತ್ತಿದ್ದವಳು ಅವಳು. ಅವಳಿಗೆ ಸಮಯವಿಲ್ಲ, ನನಗೆ ಗೊತ್ತು. ಅವಳ ಮಗಳಿಗೆ ಎಂಟು ವರ್ಷ. ಆ ಮಗು ಬದನೆಕಾಯಿಯ ತೊಟ್ಟು ನೋಡಿ ಎಳೆಯದೋ ಬಲಿತದ್ದೋ ಹೇಳಲು ಎಲ್ಲಿ ಕಲಿಯಬೇಕು ಎಂದು ಕೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ನಾನು ಈಗ ತಿಂಗಳಿಗೆ ಎರಡು ಶನಿವಾರ ಬಸ್ಸು ಹಿಡಿದು ಬರ್ಮಿಂಗ್‌ಹ್ಯಾಮ್‌ನ ಬುಲ್ ರಿಂಗ್ ಮಾರುಕಟ್ಟೆಗೆ ಹೋಗುತ್ತೇನೆ. ಅಲ್ಲಿ ಮೀನಿನ ಅಂಗಡಿಗಳ ಸಾಲೇ ಇದೆ. ಎಲ್ಲರಿಗೂ ಇದು ಸಾಧ್ಯವಿಲ್ಲ, ಆ ಅಜ್ಜನಿಗಂತೂ ಇಲ್ಲ. ಹೋದ ವಾರ ಮ್ಯಾಕರೆಲ್ ಆರು ತೆಗೆದುಕೊಂಡೆ. ಅಂಗಡಿಯವನು ಏನು ಮಾಡುತ್ತೀರಿ ಎಂದು ಕೇಳಿದ. ಹುಳಿ, ಖಾರ ಹಾಕಿ ಗಸಿ ಎಂದೆ. ಹಾಗಾದರೆ ಸೀಳುವುದು ಬೇಡ, ಅಡ್ಡ ತುಂಡು ಮಾಡುತ್ತೇನೆ ಎಂದ. ತಲೆಗಳನ್ನು ಬೇರೆ ಚೀಲಕ್ಕೆ ಹಾಕಿದ. ಅದಕ್ಕೂ ಮೊದಲು, ನಾನು ಕೇಳದೆಯೇ, ಒಂದರ ಕಿವಿರು ಎತ್ತಿ ತೋರಿಸಿದ.