ಕೆಳಗೆ ಭೋಗ, ಮೇಲೆ ಯೋಗ, ನಡುವೆ ಮೆಟ್ಟಿಲು

ಎಲ್ಲರಿಗೂ ನಮಸ್ಕಾರ. ಮಳೆ ಬರೋ ಹಾಗಿದ್ರೂ ಇಷ್ಟು ಜನ ಬಂದಿದೀರಿ, ತುಂಬಾ ಖುಷಿಯಾಯ್ತು. ನಮ್ಮ ಬಡಾವಣೆಯ ಈ ಭಾನುವಾರದ ಕೂಟದಲ್ಲಿ ಏನಾದ್ರೂ ಮಾತಾಡಿ ಅಂತ ಕೇಳಿದಾಗ ವಿಷಯ ಹುಡುಕೋ ಕಷ್ಟ ನನಗೆ ಬರಲಿಲ್ಲ. ಒಂದೇ ಒಂದು ದಿನ ಹೋಗಿ ಬಂದ ಬೆಟ್ಟದ ಬಗ್ಗೆ ಹೇಳ್ಬೇಕು ಅಂತ ಸುಮಾರು ದಿನದಿಂದ ಮನಸ್ಸಲ್ಲೇ ಇತ್ತು.

ಬೆಟ್ಟ ಯಾವ್ದು ಅಂದ್ರೆ ನಂದಿ. ಹೌದು, ನಮ್ಮ ನಂದಿ ಬೆಟ್ಟಾನೇ. ನಂದಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಸೂರ್ಯೋದಯ, ಮಂಜು, ಬೆಳಗಿನ ಜಾವದ ಬೈಕ್ ರೈಡು, ಗೇಟ್ ಹತ್ರ ಉದ್ದಕ್ಕೆ ನಿಂತಿರೋ ಕಾರುಗಳು. ಮನಸ್ಸಿಗೆ ನೆಮ್ಮದಿ ಬೇಕು ಅಂದ್ರೆ ಕೇದಾರಕ್ಕೆ ಹೋಗ್ಬೇಕು, ಹೃಷಿಕೇಶಕ್ಕೆ ಹೋಗ್ಬೇಕು, ಹದಿನೈದು ದಿನ ರಜ ಹಾಕ್ಬೇಕು ಅನ್ಕೋತೀವಿ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಆ ಮಾತು ಈ ಬೆಟ್ಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೆಂಗಳೂರಿಂದ ಸುಮಾರು 60 ಕಿಲೋಮೀಟರ್, ಎತ್ತರ 1,478 ಮೀಟರ್. ನಾವು ಕೂತಿರೋ ಈ ಊರೇ 900 ಮೀಟರ್ ಮೇಲಿದೆ, ಅಂದ್ರೆ ಇಲ್ಲಿಂದ ಅಲ್ಲಿಗೆ ಹತ್ತೋದು ಇನ್ನೊಂದು ಐನೂರು ಚಿಲ್ಲರೆ ಮೀಟರ್, ತಂಪು ಒಂದು ಮೂರು ಡಿಗ್ರಿ ಜಾಸ್ತಿ ಇರಬಹುದು, ಅಷ್ಟೇ.

ನಾನು ಹೋದ ಕಾರಣ ಹೇಳ್ತೀನಿ. ನಮ್ಮಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ರು. ಮರೆವಿನ ಕಾಯಿಲೆ. ಕೊನೆಕೊನೆಗೆ ನನ್ನನ್ನೇ "ನೀವು ಯಾರಮ್ಮ, ಮನೆಗೆ ಹೋಗಲ್ವಾ" ಅಂತ ಕೇಳೋರು. ಅವರು ಹೋದ ಮೇಲೆ ಎಲ್ಲರೂ ಸದ್ಯ ಮುಕ್ತಿ ಆಯ್ತಲ್ಲ, ನೀನೂ ಸುಧಾರಿಸ್ಕೋ ಅಂದ್ರು, ಆದ್ರೆ ನನಗೆ ನಿದ್ದೆ ಬರ್ತಿರಲಿಲ್ಲ, ರಾತ್ರಿ ಮೂರು ಗಂಟೆಗೆ ಎಚ್ಚರ ಆಗೋದು, ಅಮ್ಮ ಕರೆದ ಹಾಗೆ ಆಗೋದು, ಎದ್ದು ಖಾಲಿ ರೂಮಿಗೆ ಹೋಗಿ ನಿಂತ್ಕೊಳ್ಳೋದು. ದೇವರ ಮುಂದೆ ದೀಪ ಹಚ್ಚೋದನ್ನೂ ಬಿಟ್ಟಿದ್ದೆ. ಕೋಪ ಅಂತಾನೂ ಅಲ್ಲ, ಬೆಂಕಿಕಡ್ಡಿ ಗೀರೋಕೆ ಕೈ ಬರ್ತಿರಲಿಲ್ಲ, ನಾಲ್ಕು ತಿಂಗಳು.

ಆಗ ನಮ್ಮ ಅತ್ತಿಗೆ ಒಂದು ದಿನ "ಬಾರೇ, ನಾಳೆ ಬುಧವಾರ, ಜನ ಇರಲ್ಲ, ನಂದಿಗೆ ಹೋಗಿ ಸಂಜೆಗೆ ಬಂದ್ಬಿಡೋಣ, ಆದ್ರೆ ಕಾರಲ್ಲಿ ಮೇಲಕ್ಕೆ ಹೋಗೋದು ಬೇಡ" ಅಂದ್ರು.

ಮೊದಲು ಹೋಗಿದ್ದು ಕೆಳಗಡೆ ನಂದಿ ಗ್ರಾಮದ ಭೋಗ ನಂದೀಶ್ವರನ ದೇವಸ್ಥಾನಕ್ಕೆ. ಸನ್‌ರೈಸ್ ನೋಡೋಕೆ ಹೋಗೋರು ಎಷ್ಟೋ ಜನ ಇದನ್ನ ನೋಡದೇನೇ ವಾಪಸ್ ಬರ್ತಾರೆ, ನನಗೆ ಅದು ಬಹಳ ನೋವಿನ ವಿಷಯ. 9ನೇ ಶತಮಾನದ ಶುರುವಿನ ಶಾಸನಗಳಲ್ಲೇ ಈ ದೇವಸ್ಥಾನದ ಉಲ್ಲೇಖ ಇದೆ. ಅಲ್ಲಿ ಅರುಣಾಚಲೇಶ್ವರ ಅಂದ್ರೆ ಶಿವನ ಬಾಲ್ಯ, ಭೋಗ ನಂದೀಶ್ವರ ಅಂದ್ರೆ ಯೌವನ, ನಡುವೆ ಉಮಾಮಹೇಶ್ವರ ಅಂದ್ರೆ ಮದುವೆ, ಹೊಸದಾಗಿ ಮದುವೆ ಆದೋರು ಇವತ್ತಿಗೂ ಅಲ್ಲಿಗೆ ಬಂದು ಕೈ ಮುಗೀತಾರೆ. ಆ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳನ್ನ ಕೈಯಲ್ಲಿ ಮುಟ್ಟಿ ನೋಡಿ, ನುಣುಪು ಅಂದ್ರೆ ನುಣುಪು. ಇನ್ನು ನಾಲ್ಕನೆಯವನು ಯೋಗ ನಂದೀಶ್ವರ. ಅವನು ಕೆಳಗಿಲ್ಲ, ಬೆಟ್ಟದ ತುದೀಲಿದ್ದಾನೆ. ಎಲ್ಲ ಬಿಟ್ಟವನು, ಅದಕ್ಕೇ ಅವನ ಹತ್ರ ಹಬ್ಬದ ಗದ್ದಲ ಇಲ್ಲ ಅಂತಾರೆ.

ಇದನ್ನ ಯೋಚ್ನೆ ಮಾಡಿದ್ರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ. ಹಿಂದಿನೋರು ಭೋಗಾನ ಒಂದೂರಲ್ಲಿ, ಯೋಗಾನ ಇನ್ನೆಲ್ಲೋ ಸಾವಿರ ಮೈಲಿ ಆಚೆ ಇಡಲಿಲ್ಲ. ಒಂದೇ ಬೆಟ್ಟ, ಬುಡದಲ್ಲಿ ಒಬ್ಬ, ತುದೀಲಿ ಒಬ್ಬ. ಬೆಳಗ್ಗೆ ಹತ್ತಿ ಸಂಜೆ ಇಳಿದು ಸಂಸಾರಕ್ಕೆ ವಾಪಸ್ ಬರೋವಷ್ಟು ದೂರ. ನಮ್ಮಂಥೋರು ಯಾರೂ ಸನ್ಯಾಸ ತಗೊಳ್ಳೋಕಾಗಲ್ಲ, ಮನೇಲಿ ಮಕ್ಕಳ ಎಕ್ಸಾಮು, ಲೋನ್ ಕಂತು, ವಯಸ್ಸಾದೋರ ಮಾತ್ರೆ ಎಲ್ಲ ಇರುತ್ತೆ. ನಮಗೆ ಬೇಕಾಗಿರೋದು ಹೋಗಿ ಬರೋ ದಾರಿ.

ಆ ದಾರಿ ಇದೆ. ಸುಲ್ತಾನ್‌ಪೇಟೆ ಕಡೆಯಿಂದ ಹಳೇ ಕಾಲದ ಕಲ್ಲು ಮೆಟ್ಟಿಲು, ಸಾವಿರಕ್ಕೂ ಜಾಸ್ತಿ. ಶುರುವಲ್ಲಿ ನಾನು ಬೇಗ ಮುಗಿಸ್ಬಿಡೋಣ ಅಂತ ದಡದಡ ಹತ್ತಿದೆ, ಆಫೀಸಿನ ಲಿಫ್ಟ್ ಕೆಟ್ಟಾಗ ಹತ್ತೋ ಹಾಗೆ. ನೂರು ಮೆಟ್ಟಿಲಿಗೇ ಎದೆ ಬಡ್ಕೊಳ್ಳೋಕೆ ಶುರುವಾಯ್ತು. ಅಲ್ಲೊಬ್ಬ ಅಜ್ಜಿ, ಬರಿಗಾಲು, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಒಂದೊಂದೇ ಮೆಟ್ಟಿಲಿಗೆ ಅರಿಶಿನ ಕುಂಕುಮ ಇಟ್ಕೊಂಡು ಹತ್ತುತಾ ಇದ್ರು, ಮೊಮ್ಮಗನಿಗೆ ಹುಷಾರಾದ್ರೆ ಮಾಡ್ತೀನಿ ಅಂತ ಹರಕೆ ಹೊತ್ತಿದ್ರಂತೆ. ನನ್ನ ನೋಡಿ "ಯಾಕವ್ವ ಹಂಗೆ ಓಡ್ತೀಯ, ಅಪ್ಪ ಎಲ್ಲೂ ಹೋಗಲ್ಲ, ಮ್ಯಾಲೇ ಕುಂತವ್ನೆ" ಅಂದು, ಕುಂಕುಮದ ಬಟ್ಟಲನ್ನ ನನ್ನ ಕೈಗೆ ಕೊಟ್ರು. "ಇದನ್ನ ಹಿಡ್ಕೋ, ನಂಗೆ ಒಂದು ಕೈ ಮಂಡಿ ಮೇಲಿಕ್ಕಬೇಕು."

ಅಲ್ಲಿಂದ ನನ್ನ ಓಟ ನಿಂತೋಯ್ತು. ಅಜ್ಜಿ ಬಗ್ಗೋರು, ಉಂಗುರದ ಬೆರಳಲ್ಲಿ ಕುಂಕುಮ ಮುಟ್ಟೋರು, ಮೆಟ್ಟಿಲಿಗೆ ಇಡೋರು, ಮಂಡಿ ಹಿಡಿದು ಏಳೋರು, ಉಸಿರು ಬಿಡೋರು. ನಾನು ಬಟ್ಟಲು ಹಿಡಿದು ಕಾಯೋದು. ಮತ್ತೆ ಒಂದು ಮೆಟ್ಟಿಲು. ಕಲ್ಲಿನ ಸಂದೀಲಿ ಇರುವೆ ಸಾಲು, ಮಧ್ಯ ಸವೆದು ಹಳ್ಳ ಬಿದ್ದಿರೋ ಕಲ್ಲು, ಆ ಹಳ್ಳದಲ್ಲಿ ನಿಂತ ಇಬ್ಬನಿ ನೀರಲ್ಲಿ ಕುಂಕುಮ ಕರಗಿ ಹರಡೋದು, ಇಷ್ಟೇ ಕಣ್ಣಿಗೆ ಕಾಣ್ತಿದ್ದಿದ್ದು. ಎಷ್ಟು ಹೊತ್ತಾಯ್ತೋ ಗೊತ್ತಿಲ್ಲ, ಯಾವಾಗ್ಲೋ ಒಂದ್ಸಲ ಥಟ್ ಅಂತ ಗೊತ್ತಾಯ್ತು, ಇಷ್ಟೊತ್ತು ನನ್ನ ತಲೇಲಿ ಏನೂ ಓಡಿಲ್ಲ. ಔಷಧಿ ಸರಿಯಾಗಿ ಕೊಟ್ನಾ, ಅವತ್ತು ರೇಗಬಾರದಿತ್ತು, ಇನ್ನೊಬ್ಬ ಡಾಕ್ಟರಿಗೆ ತೋರಿಸ್ಬೇಕಿತ್ತು, ನಾಲ್ಕು ತಿಂಗಳಿಂದ ಬಿಡುವಿಲ್ಲದೆ ತಿರುಗ್ತಿದ್ದ ಆ ಚಕ್ರ ನಿಂತಿತ್ತು. ಧ್ಯಾನ ಮಾಡೋಕೆ ಕೂತಾಗೆಲ್ಲ ಆಗದೇ ಇದ್ದದ್ದು ಒಂದು ಬಟ್ಟಲು ಹಿಡ್ಕೊಂಡಾಗ ಆಯ್ತು.

ಮೇಲೆ ಹೋಗೋ ಹೊತ್ತಿಗೆ ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅಲ್ಲಿ ಒಂದು ವಿಷಯ ಗಮನಿಸಿ, ಆಕಾಶದಿಂದ ಮಳೆ ಇರಲ್ಲ, ಮರದ ಕೆಳಗೆ ಮಾತ್ರ ಹನಿ ಬೀಳ್ತಿರುತ್ತೆ. ಮಂಜು ಎಲೆಗಳಿಗೆ ತಾಗಿ ನೀರಾಗಿ ತೊಟ್ಟಿಕ್ಕೋದು. ಅರ್ಕಾವತಿ ನದಿ ಹುಟ್ಟೋದು ಈ ಬೆಟ್ಟದಲ್ಲೇ. 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ, ಆಮೇಲೆ ತಿಪ್ಪಗೊಂಡನಹಳ್ಳಿ ಜಲಾಶಯದಿಂದ ಬೆಂಗಳೂರಿಗೆ ಬಂದಿದ್ದು ಅದೇ ನೀರು, ಕಾವೇರಿ ಬಂದಿದ್ದು 1974ರಲ್ಲಿ. ನಮ್ಮಮ್ಮ ಈ ಊರಿಗೆ ಸೊಸೆಯಾಗಿ ಬಂದು ಮೊದಲು ಕೊಡ ಹಿಡಿದ ನಲ್ಲೀಲಿ ಬಂದಿದ್ದು ಅರ್ಕಾವತಿ ನೀರು. ಇವತ್ತು ಆ ನದಿ ಬಹಳ ಸೊರಗಿದೆ, ಅದು ನಾವೆಲ್ಲ ತಲೆ ತಗ್ಗಿಸ್ಬೇಕಾದ ವಿಷಯ. ಆದ್ರೆ ಅವತ್ತು ಆ ಮರದ ಕೆಳಗೆ ನಿಂತಾಗ ಹನಿ ನನ್ನ ತಲೆ ಮೇಲೆ ಬೀಳ್ತಾ ಇತ್ತು, ಅತ್ತಿಗೆ "ಈ ಕಡೆ ಬಾರೇ, ನೆಗಡಿಯಾಗುತ್ತೆ" ಅಂತ ಕರೀತಾನೇ ಇದ್ರು, ನಾನು ಅಲ್ಲೇ ನಿಂತಿದ್ದೆ.

ಗಾಂಧೀಜಿ 1927ರಲ್ಲಿ ಕಾಯಿಲೆ ಬಿದ್ದಾಗ ವಿಶ್ರಾಂತಿಗೆ ಅಂತ ಬಂದಿದ್ದು ಇದೇ ಬೆಟ್ಟಕ್ಕೆ, 1936ರಲ್ಲಿ ಮತ್ತೆ ಬಂದ್ರು. ಅಷ್ಟು ಕೆಲಸ ಇದ್ದ ಮನುಷ್ಯ ಎರಡು ಸಲ ಇಲ್ಲಿ ಬಂದು ಸುಮ್ಮನೆ ಇದ್ರು ಅನ್ನೋದು ನನಗೆ ದೊಡ್ಡ ಧೈರ್ಯ ಕೊಡುತ್ತೆ. ಸುಸ್ತಾಗಿದೆ ಅಂತ ಹೇಳ್ಕೊಳ್ಳೋಕೆ ನಾವು, ಅದರಲ್ಲೂ ಮನೆ ಹೆಣ್ಣುಮಕ್ಕಳು, ಯಾಕಿಷ್ಟು ಹೆದರ್ತೀವಿ?

ಯೋಗ ನಂದೀಶ್ವರನ ಗುಡಿ ಒಳಗೆ ತಣ್ಣಗಿತ್ತು, ಎಣ್ಣೆ ವಾಸನೆ, ಒಂದೇ ದೀಪ. ಕೇಳ್ಕೊಳ್ಳೋಕೆ ಅಂತ ಏನೇನೋ ಇಟ್ಕೊಂಡು ಹೋಗಿದ್ದೆ, ಯಾವುದೂ ಬಾಯಿಗೆ ಬರಲಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು ಕಾಲು ಒತ್ಕೋತಾ ಇದ್ರು, ನಾನೂ ಕೂತೆ. ಅಷ್ಟೇ. ಆಮೇಲೆ ಅಲ್ಲೇ ಸೌತೆಕಾಯಿ ತಗೊಂಡು ಉಪ್ಪು ಖಾರ ಹಾಕಿಸ್ಕೊಂಡು ತಿಂದ್ವಿ, ಎಷ್ಟೋ ದಿನದ ಮೇಲೆ ನಾಲಿಗೆಗೆ ರುಚಿ ಗೊತ್ತಾಯ್ತು.

ನಿಮಗೂ ಹೋಗ್ಬೇಕು ಅನ್ನಿಸಿದ್ರೆ ವಾರದ ಮಧ್ಯ ಹೋಗಿ, ಭಾನುವಾರ ಬೇಡವೇ ಬೇಡ. ಮೊದಲು ಕೆಳಗಿನ ದೇವಸ್ಥಾನ ನೋಡಿ. ಮಂಡಿ ಗಟ್ಟಿ ಇದ್ರೆ ಮೆಟ್ಟಿಲು, ಆಗದೋರು ಗಾಡೀಲಿ ಹೋಗಿ, ಅದರಲ್ಲೇನೂ ತಪ್ಪಿಲ್ಲ, ಮೇಲೆ ಇಳಿದ ಮೇಲೆ ನಿಧಾನ ನಡೀರಿ. ಫೋನ್ ಬ್ಯಾಗಲ್ಲಿರಲಿ. ಕೋತಿಗಳಿವೆ, ತಿಂಡಿ ಕವರ್ ಕೈಯಲ್ಲಿ ಹಿಡೀಬೇಡಿ.

ಸಂಜೆ ಹೆಬ್ಬಾಳದ ಹತ್ರ ಎಂದಿನ ಹಾಗೇ ಟ್ರಾಫಿಕ್, ಮನೆ ಸೇರಿದಾಗ ಏಳೂವರೆ. ಕೈ ಕಾಲು ತೊಳ್ಕೊಂಡು ದೇವರ ಗೂಡಿನ ಮುಂದೆ ಹೋದೆ. ದೀಪದಲ್ಲಿ ಹಳೇ ಎಣ್ಣೆ ಜಿಡ್ಡುಗಟ್ಟಿತ್ತು, ಬತ್ತಿ ಒಣಗಿ ಅಂಟ್ಕೊಂಡಿತ್ತು. ಅಡುಗೆಮನೆಗೆ ತಗೊಂಡು ಹೋಗಿ ಹುಣಸೆಹಣ್ಣು ಹಾಕಿ ತಿಕ್ಕಿದೆ, ಅಮ್ಮ ತಿಕ್ತಿದ್ದ ಹಾಗೇ, ಬುಡದಿಂದ ಮೇಲಕ್ಕೆ. ನನ್ನ ಉಗುರಿನ ಸಂದೀಲಿ ಇನ್ನೂ ಆ ಅಜ್ಜಿ ಕುಂಕುಮ ಕೆಂಪಗೆ ಇತ್ತು.